ಹದಿನೇಳು ಪರ್ಸೆಂಟು

ಗೌರಿಬಿದನೂರಲ್ಲಿ ಬಸ್ಸು ಹತ್ತಿದಾಗ ಅರವತ್ತೆರಡು.
ಕಿಟಕಿ ಸೀಟು ಬೇಡವೆಂದೆ,
ಬಿಸಿಲು ತಾಗಿದರೆ ಬ್ಯಾಟರಿ ಬೇಗ ಸೋಲುತ್ತದಂತೆ.
ಹೇಳಿದ್ದು ಪಿಳ್ಳಾಂಜಿನಪ್ಪ,
ಮೊಬೈಲು, ಮಿಕ್ಸಿ, ಗೋಡೆ ಗಡಿಯಾರ
ಎಲ್ಲವನ್ನೂ ಒಂದೇ ಸ್ಕ್ರೂಡ್ರೈವರಿನಲ್ಲಿ ಬಿಚ್ಚುವವನು:
"ಮೇಡಂ, ವಯಸ್ಸಾಗಿದೆ ಇದಕ್ಕೆ.
ನೂರು ಅಂತ ತೋರಿಸುತ್ತೆ, ನಂಬಬೇಡಿ.
ನಮ್ಮ ಮಾವನೂ ಹೀಗೇ,
ಚೆನ್ನಾಗಿದ್ದೀನಿ ಅಂತಾನೇ ಇರ್ತಾರೆ."

ಬೆಳಗಿನ ಶಿಬಿರದ ಹದಿನಾಲ್ಕು ಜೊತೆ ಕಿವಿಗಳ ಲೆಕ್ಕ
ಇವತ್ತೇ ಕಳಿಸಬೇಕು ಇಲಾಖೆಗೆ.
ಎರಡು ಜೊತೆ ಮುಗಿಸುವಷ್ಟರಲ್ಲಿ ಐವತ್ತನಾಲ್ಕು.
ಮಂಚೇನಹಳ್ಳಿ ದಾಟುತ್ತ ತೆರೆಯ ಬೆಳಕು ಇಳಿಸಿದೆ,
ಅಕ್ಷರಗಳು ನುಸಿಯಂತೆ ಆಗುವವರೆಗೆ.
ಆಮೇಲೆ ಒಂದೊಂದೇ ಆರಿಸುತ್ತ ಹೋದೆ.
ವೈಫೈ: ಈ ಗುಡ್ಡಗಳ ನಡುವೆ
ಯಾರನ್ನು ಹುಡುಕುತ್ತಿತ್ತೋ ಪಾಪ.
ಬ್ಲೂಟೂತು. ಕೀಲಿಗಳ ಅಡಿಯ ದೀಪ.
ಒಳಗೆಲ್ಲೋ ಕೂತು ತೆಪ್ಪಗೆ ಉಣ್ಣುತ್ತಿದ್ದ
ಹನ್ನೊಂದು ಪ್ರೋಗ್ರಾಮು,
ಯಾರ ಕಡೆಯವರೆಂದು ಮದುವೆಮನೆಯಲ್ಲಿ
ಕೇಳಲಾಗದಂಥವು.
ಕೊನೆಗೆ ದನಿ.
ಕಿವಿ ಪರೀಕ್ಷೆ ಮಾಡಿ ಅನ್ನ ತಿನ್ನುವ ನಾನು
ನನ್ನ ಯಂತ್ರದ ಬಾಯಿ ಮುಚ್ಚಿದೆ.

ಸೇವಂತಿಗೆ ಮೂಟೆಯನ್ನು ಕಾಲಡಿಗೆ ಒತ್ತಿ ಕೂತವಳು
ಕಪ್ಪಾದ ತೆರೆ ನೋಡಿ, "ಕೆಟ್ಟೋಯ್ತಾ?"
"ಇಲ್ಲ, ಉಳಿಸ್ತಾ ಇದೀನಿ."
"ಸರಿ ಬಿಡವ್ವ, ನಾನೂ ಒಸಿ ಉಳಿಸ್ಕಂತೀನಿ"
ಎಂದು ಸೆರಗು ಮುಖಕ್ಕೆ ಎಳೆದು
ಚಿಕ್ಕಬಳ್ಳಾಪುರದವರೆಗೂ ಮಲಗಿದಳು.

ಅಲ್ಲಿ ಬಸ್ ಸ್ಟ್ಯಾಂಡಿನ ಒಂದೇ ಒಂದು ಪ್ಲಗ್ಗಿಗೆ
ಕಂಡಕ್ಟರೊಬ್ಬರ ಫೋನು ಬಾವಲಿಯಂತೆ ಜೋತಿತ್ತು.
ಕಾಫಿ ಕುಡಿದದ್ದಕ್ಕೆ ಹೋಟೆಲಿನವನು ಫ್ರಿಜ್ಜಿನ ವಯರು ಕಿತ್ತು ಕೊಟ್ಟ.
ಒಂಬತ್ತು ನಿಮಿಷಕ್ಕೆ ನಾಲ್ಕು ಪರ್ಸೆಂಟು.
ಬಸ್ಸು ಹೊರಟಿತು.

ಶಿಡ್ಲಘಟ್ಟದಲ್ಲಿ ಕರೆಂಟಿರಲಿಲ್ಲ.
ಲೈನು ಕೆಲಸವಂತೆ, ಸಂಜೆ ಆರಕ್ಕಂತೆ.
ಇಪ್ಪತ್ತೇಳು ಜನ ಬೆಂಚಿನ ಮೇಲೆ,
ಎಲ್ಲರೂ ರೇಷ್ಮೆ ಬಿಚ್ಚುವ ಓಣಿಯವರು.
ಆದರೆ ನೋಡಿ, ರಾಟೆಗಳೂ ನಿಂತಿದ್ದವು,
ಪರೀಕ್ಷೆಗೆ ಬೇಕಾದ ಮೌನ
ಆ ಓಣಿಯಲ್ಲಿ ಪುಕ್ಕಟೆ ಸಿಕ್ಕಿತ್ತು.
ಒಬ್ಬೊಬ್ಬರನ್ನೇ ಕೂರಿಸಿದೆ. ಇಪ್ಪತ್ತಾರನೆಯವರು ಎದ್ದಾಗ
ಮೂಲೆಯ ಅಂಕಿ ಹದಿನೇಳು.

ಕಡೆಯವಳು ಷಮೀಮುನ್ನಿಸಾ.
ಮೂವತ್ತು ವರ್ಷ ಬಿಸಿನೀರ ಬೋಗುಣಿಯ ಮುಂದೆ,
ತುದಿಬೆರಳು ಬೆಂದು ಬೆಳ್ಳಗೆ.
ಮಾತಾಡಿದರೆ ಊರಿಗೆಲ್ಲ ಕೇಳಬೇಕು.
ಕಿವಿಯ ಯಂತ್ರಕ್ಕೂ ನನ್ನದಕ್ಕೂ ವಯರು ಜೋಡಿಸುವಾಗ
ಬಗ್ಗಿ ಆ ಅಂಕಿಯನ್ನೇ ದಿಟ್ಟಿಸಿ ಕೂಗಿದಳು,
"ಗೂಡು ತೆಳ್ಳಗಾಯ್ತಲ್ಲ!
ಇನ್ನೆಷ್ಟು ದಾರ ಬರುತ್ತೆ?"
ಪಿಳ್ಳಾಂಜಿನಪ್ಪ ಇಷ್ಟು ಸರಿಯಾಗಿ ಹೇಳಿರಲಿಲ್ಲ.

ಹನ್ನೊಂದು. ಎತ್ತರದ ದನಿಗಳನ್ನು ಏರಿಸಿದೆ.
ಒಂಬತ್ತು. ತಗ್ಗಿನವನ್ನು ಇಳಿಸಿದೆ.
ಹಾಡು ಹಾಕಿ ತೋರಿಸುವ ಪದ್ಧತಿ ಇದೆ, ಬಿಟ್ಟೆ.
ಅದು ಎರಡು ಪರ್ಸೆಂಟಿನ ದುಂದು.
ಆದರೂ ಮುಚ್ಚಿದ್ದ ಬಾಯಿ ತೆಗೆಸಿದೆ,
ಒಂದು ಸಣ್ಣ ಸೀಟಿಯಾದರೂ ಕೇಳಿಸೋಣವೆಂದು.
ಅಷ್ಟರಲ್ಲಿ ಅವಳು ತಟ್ಟನೆ ತಿರುಗಿದಳು.
"ಏನದು?"
ನನಗೇನೂ ಕೇಳಿರಲಿಲ್ಲ.
"ಟಿಣ್ ಅಂತು. ಇದರೊಳಗೆ."
ಐದು. ಚಾರ್ಜಿಗೆ ಹಾಕಿ ಎಂಬ ಸದ್ದು.
ದಿನಾ ಕೇಳಿ ಕೇಳಿ
ಅದಕ್ಕೆ ನನ್ನ ಕಿವಿ ಹೋಗಿ ಎಷ್ಟು ಕಾಲವಾಯಿತೋ.

ಉಳಿಸು ಎಂಬ ಗುಂಡಿ ಒತ್ತಿದೆ. ಹಸಿರು ಗುರುತು ಬಂತು,
ಹಿಂದೆಯೇ ತೆರೆ ಹೋಯಿತು.
ಕಪ್ಪು ಗಾಜಿನಲ್ಲಿ ಎರಡು ತಲೆ,
ಒಂದು ಅವಳದು, ಒಂದು ನನ್ನದು.
"ಮುಗೀತಾ?" ಎಂದಳು.
ಎಷ್ಟು ಮೆಲ್ಲಗೆ ಎಂದರೆ
ತನ್ನ ದನಿಗೆ ತಾನೇ ಬೆಚ್ಚಿ
ಬಾಯಿಗೆ ಕೈಯಿಟ್ಟುಕೊಂಡಳು.

ಆರಕ್ಕೆ ಹತ್ತು ನಿಮಿಷವಿದ್ದಾಗಲೇ ಕರೆಂಟು ಬಂತು.
ಓಣಿಯ ರಾಟೆಗಳೆಲ್ಲ ಒಮ್ಮೆಲೇ.
ಷಮೀಮುನ್ನಿಸಾ ಕಿವಿಯದನ್ನು ಹುಷಾರಾಗಿ ಬಿಚ್ಚಿ,
ಡಬ್ಬಿಯಲ್ಲಿಟ್ಟು, ಡಬ್ಬಿಯನ್ನು ರವಿಕೆಯೊಳಗಿಟ್ಟು,
ಮೊದಲಿನ ಗಂಟಲಲ್ಲೇ ಕೂಗಿದಳು,
"ಬ್ಯಾಟರಿ ಉಳಿಸಬೇಕಲ್ಲ ಮೇಡಂ!
ರಾಟೆ ಸದ್ದಿಗ್ಯಾಕೆ ಅದು? ರಾತ್ರಿ ಮೊಮ್ಮಗಳು ಬರ್ತಾಳೆ."

ನಾನು ವಯರು ಹಿಡಿದು
ಗೋಡೆಗುಂಟ ಪ್ಲಗ್ಗು ಹುಡುಕುತ್ತಿದ್ದೆ.